ಹುಳುಮನೆಯಲ್ಲಿ ಹಾಡಿದ ಮೈಕ್‌ಸೆಟ್ ರಮ್ಯ

ಕೋಮಲಳ ರಿಸೆಪ್ಷನ್ ಕೊಳ್ಳೇಗಾಲದ ಛತ್ರದಲ್ಲಿ ನಡೆದ ಸಂಜೆ ನಾನು ಮೊದಲ ಸಾಲಿನಲ್ಲೇ ಕೂತಿದ್ದೆ. ಕೋಮಲ ನನ್ನ ಮೈದುನನ ಮಗ ಶಾಂತಮೂರ್ತಿಯ ಮಗಳು. ಅಜ್ಜಿಗೆ ಮಂಡಿ ನೋವು ಎಂದು ಮುಂದೆಯೇ ಕುರ್ಚಿ ಹಾಕಿಕೊಟ್ಟಿದ್ದರು. ಎದುರಿಗೆ ಆಳೆತ್ತರದ ಸ್ಪೀಕರ್ ಡಬ್ಬ. ವೇದಿಕೆಯ ಹಿಂದೆ ‘ದೊಡ್ಡಿ ರಾಕ್ ಬ್ಯಾಂಡ್, ಹನೂರು’ ಎಂದು ಬರೆದ ಬಟ್ಟೆ. ದನ ಕೂಡುವ ದೊಡ್ಡಿಯ ಹೆಸರನ್ನು ಹಾಡುವವರು ಯಾಕೆ ಇಟ್ಟುಕೊಂಡರೋ ಅಂದುಕೊಂಡೆ. ರಾಕ್ ಅಂದರೆ ಏನು ಎಂದು ಪಕ್ಕದಲ್ಲಿದ್ದ ನೆರೆಮನೆಯ ಸುವರ್ಣಮ್ಮನನ್ನು ಕೇಳಿದೆ.

"ಕಿವಿ ಮುಚ್ಕಂಡು ಕೇಳೋ ಆಡು ಕಣಕ್ಕ" ಅಂದಳು.

ಕಪ್ಪು ಅಂಗಿ, ಕಪ್ಪು ಪ್ಯಾಂಟು ಹಾಕಿದ ಒಬ್ಬ ಹುಡುಗಿ ಗಿಟಾರು ನೇತುಹಾಕಿಕೊಂಡು ಹಾಡುತ್ತಿದ್ದಳು. ಹಿಂದೆ ಮೂರು ಗಂಡಸರು. ದನಿ ಸಕ್ಕರೆ ಪಾಕದ ಹಾಗೆ ನುಣ್ಣಗಿತ್ತು. ಎರಡು ಹಾಡಾಯಿತು. ಮೂರನೆಯದು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಸ್ಪೀಕರ್ ಸತ್ತಿತು. ಯಾರೋ ಮೊಬೈಲಿನ ಬೆಳಕು ಬಿಟ್ಟರು. ಆ ಬೆಳಕಿನಲ್ಲಿ ನೋಡುತ್ತೇನೆ, ಹುಡುಗಿಯ ಬಾಯಿ ಆಡುತ್ತಲೇ ಇದೆ, ದನಿ ಮಾತ್ರ ಇಲ್ಲ. ನಾನಿದ್ದದ್ದು ನಾಲ್ಕು ಮಾರು ದೂರದಲ್ಲಿ. ಮೈಕಿಲ್ಲದಿದ್ದರೂ ಹಾಡುವವಳ ದನಿ ನನಗೆ ಕೇಳಲೇಬೇಕಿತ್ತು.

"ಲೇ, ರೇಡಿಯೋ ಕೆಟ್ಟೋಯ್ತು ಕಣ್ಲಾ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಛತ್ರವೆಲ್ಲ ನಕ್ಕಿತು.

ಶಾಂತಮೂರ್ತಿ ವೇದಿಕೆಯ ಹತ್ತಿರ ಹೋಗಿ, "ಬಾಯಾಡ್ಸಕ್ಕ ಬಂದಿದ್ರಾ? ಆಡಕ್ಕಲ್ವಾ ಕರ್ದಿದ್ದು?" ಎಂದು ರೇಗಿದ. ಛತ್ರದವರ ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಹುಡುಗಿ ಇಳಿದು ಓಡಿಹೋಗುತ್ತಾಳೆ ಅಂದುಕೊಂಡೆ. ಅವಳು ಗಿಟಾರನ್ನು ಕೆಳಗಿಟ್ಟಳು. ವೇದಿಕೆಯ ಅಂಚಿಗೆ ಬಂದು, ಎರಡು ಕೈ ಸೊಂಟಕ್ಕೆ ಕೊಟ್ಟು, ಬರೀ ಗಂಟಲಲ್ಲಿ ಹಾಡಿದಳು. ಆ ದನಿ ನುಣುಪಿನದ್ದಲ್ಲ, ಮರಳು ಸೇರಿದ ಬೆಲ್ಲ. ಕಡೆಯ ಸಾಲಿನವರೂ ತಿರುಗಿ ನೋಡಿದರು. ಆ ದನಿ ನನಗೆ ಗೊತ್ತಿತ್ತು. ಈ ಸೀಮೆಯಲ್ಲಿ ಅದು ಗೊತ್ತಿಲ್ಲದವರೇ ಇಲ್ಲ. ಆಟೋಗೆ ಹಾರನ್ ಸ್ಪೀಕರ್ ಕಟ್ಟಿಕೊಂಡು ಊರೂರಿನಲ್ಲಿ ‘ಸಾರ್ವಜನಿಕರ ಗಮನಕ್ಕೆ, ನಾಳೆ ಬೆಳಗ್ಗೆ ಎಂಟು ಗಂಟೆಗೆ ಡೇರಿ ಮುಂದೆ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ’ ಎಂದು ಕೂಗಿಕೊಂಡು ಹೋಗುವ ದನಿ ಅದು.

ಊಟದ ಮನೆಯಲ್ಲಿ ಅವಳು ಕಡೇ ಪಂಕ್ತಿಯಲ್ಲಿ ಒಬ್ಬಳೇ ಕೂತಿದ್ದಳು. ಹತ್ತಿರ ಹೋದೆ.

"ಏನವ್ವಾ ಕೂಸೇ, ದನಗಳ್ಗ ಲಸಿಕೆ ಆಕ್ತಾರ ಅಂತ ಆಟೋದಲ್ಲಿ ಕೂಗಾದು ನೀನೇ ಅಲ್ವಾ?"

"ಊ ಅಮ್ಮಾವ್ರೇ."

"ಮತ್ತ ಕರೆಂಟು ಓಗಕ್ಕ ಮುಂಚ ಆಡ್ತಿದ್ದವಳು ಯಾರು?"

ಅವಳು ತುತ್ತನ್ನು ಎಲೆಗೇ ಹಾಕಿ, ಎಲೆ ಮಡಿಸಿ, ಕೈ ತೊಳೆಯಲು ಎದ್ದುಹೋದಳು. ನಾನೂ ನಮ್ಮೂರು ಮಧುವನಹಳ್ಳಿಗೆ ಬಂದು ಮರೆತೆ.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಗ್ಗೆ ಆ ಹುಡುಗಿ ಮೊಪೆಡ್ಡಿನಲ್ಲಿ ಬಂದು ನಮ್ಮ ಜಗಲಿಯ ಮುಂದೆ ನಿಂತಳು.

"ನೀವು ಕೇಳಿದ್ರಲ್ಲ, ಅದ್ಕ ಉತ್ತರ ಏಳಕ್ಕ ಬಂದಿವ್ನಿ" ಅಂದಳು.

ಅವಳ ಹೆಸರು ರಮ್ಯ. ಹನೂರಿನ ರಂಗನಾಯಕನ ಮಗಳು. ರಂಗನಾಯಕನ ಮೈಕ್‌ಸೆಟ್ ಅಂಗಡಿ ನನ್ನ ಮದುವೆಯಾದ ಕಾಲದಿಂದ ಇದೆ, ನಮ್ಮ ಮನೆಯ ನಾಮಕರಣಕ್ಕೂ ಅವನೇ ಹಾರನ್ ಕಟ್ಟಿದ್ದ. ಮಗಳು ಎಂಟು ವರ್ಷದವಳಾಗಿದ್ದಾಗಲೇ ಹಾರನ್ ಕಟ್ಟಲು ಹುಣಸೆ ಮರ ಹತ್ತುತ್ತಿದ್ದಳಂತೆ. ತಾಯಿ ಮಾದೇವಮ್ಮ ಕೆಳಗೆ ನಿಂತು ಬೈಯುವುದು, ತಂದೆ "ಇನ್ನೊಸಿ ಮ್ಯಾಕ್ಕ ಕಣವ್ವ" ಅನ್ನುವುದು. ಹದಿನೈದು ವರ್ಷಕ್ಕೆ ಆಂಪ್ಲಿಫೈಯರ್ ಬಿಚ್ಚಿ ರಿಪೇರಿ ಮಾಡುತ್ತಿದ್ದಳು. ಒಂದು ಸಲ ಒಡೆಯರಪಾಳ್ಯದ ಟಿಬೆಟಿನವರ ಹಬ್ಬಕ್ಕೆ ಮೈಕ್‌ಸೆಟ್ ಹೊತ್ತು ಹೋದಾಗ ಅಲ್ಲಿ ಒಬ್ಬ ಕರೆಂಟಿನ ಗಿಟಾರು ಬಾರಿಸುತ್ತಿದ್ದನಂತೆ. ಆಂಪ್ಲಿಫೈಯರ್ ಹಿಂದೆ ಕೂತಿದ್ದ ಇವಳಿಗೆ ಎದೆಗೆ ಒದ್ದ ಹಾಗಾಯಿತಂತೆ. ಪ್ರತಿ ಭಾನುವಾರ ಬಸ್ಸು ಹತ್ತಿ ಹೋಗಿ ಕಲಿತಳು. ಅವನೇ ಒಂದು ಹಳೇ ಗಿಟಾರು ಕೊಟ್ಟ. ತಂದೆ ತೀರಿಕೊಂಡ ಮೇಲೆ ಅಂಗಡಿ ಇವಳದ್ದಾಯಿತು. ಪಂಚಾಯಿತಿಯ ಕೂಗು, ಲಸಿಕೆಯ ಕೂಗು, ಕಳೆದ ಹಸುವಿನ ಕೂಗು, ಎಲ್ಲ ಇವಳದ್ದೇ. ಹೆಣ್ಣು ನೋಡಲು ಬಂದವರು "ಮದ್ವ ಆದ್ ಮೇಲ ಕೂಗಾದು ಬುಡ್ಬೇಕು" ಅಂದರಂತೆ. "ಮೊದ್ಲು ನೀವು ಬುಡಿ" ಎಂದು ಕಳಿಸಿದಳಂತೆ.

ಬ್ಯಾಂಡಿನಲ್ಲಿ ನಾಲ್ಕು ಜನ. ಇವಳದ್ದು ಹಾಡು, ಗಿಟಾರು. ಪಂಚರ್ ಅಂಗಡಿಯ ಶಂಕರ ಡ್ರಮ್ಮು ಬಡಿಯುವವನು. ಬಾಳೆಕಾಯಿ ಲಾರಿ ಓಡಿಸುವ ಬಸವೇಶ ದಪ್ಪ ತಂತಿಯ ಗಿಟಾರಿನವನು. ಶಿವಕುಮಾರಸ್ವಾಮಿ ಕೀಬೋರ್ಡಿಗೂ ಕಂಪ್ಯೂಟರಿಗೂ. ಅವರ ಮೊದಲ ಆಲ್ಬಮ್ಮನ್ನು ಒಂದು ಕಂಪನಿಯವರು ಸ್ಟುಡಿಯೋದಲ್ಲಿ ಮಾಡಿಸಿದ್ದರಂತೆ. ಒಬ್ಬೊಬ್ಬರೇ ಹೋಗಿ ತಮ್ಮ ಪಾಲಿನದ್ದು ಬಾರಿಸಿ ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇವಳ ದನಿಯನ್ನು ಮೆಷಿನ್ನಿಗೆ ಕೊಟ್ಟು ಉಜ್ಜಿ ಉಜ್ಜಿ ನುಣ್ಣಗೆ ಮಾಡಿದರು. ಜನ ಅದನ್ನೇ ಕೇಳಿದರು. ಅದರ ಹಾಗೆ ಹಾಡಲು ಅವಳಿಗೇ ಆಗಲಿಲ್ಲ. ಒಂದು ವರ್ಷ ಅದನ್ನು ಹಾಕಿಕೊಂಡು ಬಾಯಿ ಆಡಿಸಿದಳು.

"ಆವತ್ತು ಆಡ್ತಿದ್ದವಳು ಯಾರು ಅಂತ ನಂಗೂ ಗೊತ್ತಿಲ್ಲ ಅಮ್ಮಾವ್ರೇ. ಈಗ ಒಂದು ಆಲ್ಬಮ್ ಮಾಡ್ತೀನಿ. ನಾಕು ಜನ ಒಂದೇ ಮನೇಲಿ, ಒಂದೇ ಏಟ್ಗ. ನಮ್ಮಪ್ಪನ ಎರಡು ಮೈಕು. ಕಂಪ್ಯೂಟ್ರು ತಿದ್ದಂಗಿಲ್ಲ. ತಪ್ಪಾದ್ರ ಮೊದ್ಲಿಂದ. ಅದ್ಕ ನಿಮ್ಮ ಉಳದ ಮನ ಬೇಕು."

ನಮ್ಮ ಹುಳುಮನೆ ಅಂದರೆ ಹಿತ್ತಲಿನಲ್ಲಿರುವ ರೇಷ್ಮೆ ಹುಳು ಸಾಕುವ ಮನೆ. ನಮ್ಮ ಯಜಮಾನರು ದೊಡ್ಡಮಾದಪ್ಪನವರು ಕಟ್ಟಿಸಿದ್ದು. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಹೆಂಚು, ಮೇಲೆ ಜಾಲರಿ ಹೊಡೆದ ಸಣ್ಣ ಕಿಟಕಿಗಳು. ಕೂಗಲು ಬಂದಾಗ ಒಮ್ಮೆ ಕುಡಿಯಲು ನೀರು ಕೇಳಿ ಒಳಗೆ ಇಣುಕಿದ್ದಳಂತೆ. ಈಗ ಆ ಮನೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದು ಕಿವಿಗೊಟ್ಟಳು. ಮೂಲೆಗೆ ಹೋಗಿ ಇನ್ನೊಂದು ಹೊಡೆದಳು.

"ಏನವ್ವಾ, ಹಲ್ಲಿ ಓಡುಸ್ತಿದ್ದಯಾ? ಗ್ವಾಡಲಿ ಒಂದೂ ಇಲ್ಲ ಬುಡು" ಅಂದೆ.

ಬಿದ್ದು ಬಿದ್ದು ನಕ್ಕಳು. "ಇಲ್ಲಿ ಸದ್ದು ಓಡೋಗಲ್ಲ ಅಮ್ಮಾವ್ರೇ. ಕೂತ್ಕತದ."

ಒಂದು ಬೆಳೆ ಇಳಿಸಿ ಮನೆ ಖಾಲಿ ಇತ್ತು. ಮುಂದಿನ ಹುಳು ಬರಲು ಹದಿನಾರು ದಿನ. ಕಡೆಯ ಐದು ದಿನ ಮನೆ ತೊಳೆದು ಒಣಗಿಸಲು ಬೇಕು. ಹನ್ನೊಂದು ದಿನ ತಗೋ ಎಂದೆ. ಬಾಡಿಗೆ ಮಾತು ಎತ್ತಿದಳು. "ಆಡುದ್ರ ಗ್ವಾಡ ಸವೀತದಾ?" ಅಂದೆ. ಆದರೆ ಹುಳುಮನೆಯ ಕಟ್ಟುಪಾಡುಗಳನ್ನು ಹೇಳಿದೆ. ಬೀಡಿ ಸಿಗರೇಟು ಇಲ್ಲ, ಸೊಳ್ಳೆ ಬತ್ತಿ ಇಲ್ಲ, ಸೆಂಟು ಇಲ್ಲ. ಚಪ್ಪಲಿ ಹೊರಗೆ. ಕೈಕಾಲು ತೊಳೆದು ಒಳಗೆ. ಒಳಗೆ ಹೋದ ತಕ್ಷಣ ಬಾಗಿಲು ಹಾಕಬೇಕು, ಇಲ್ಲವೆಂದರೆ ಊಜಿ ನೊಣ ನುಗ್ಗಿ ಹುಳುವಿನ ಮೇಲೆ ಮೊಟ್ಟೆ ಇಡುತ್ತದೆ. ಹುಳುವೇ ಇಲ್ಲದ ಮನೆಗೆ ನೊಣ ಯಾಕೆ ಬಂದೀತು ಎಂದು ಅವಳು ಕೇಳಲಿಲ್ಲ. ಬೆರಳು ಮಡಿಸಿ ಮಡಿಸಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು.

ಸಂಜೆ ಶಾಂತಮೂರ್ತಿ ಬಂದ. ಹುಳು ಸಾಕಾಣಿಕೆಯಲ್ಲಿ ನನಗೂ ಅವನಿಗೂ ಅರ್ಧರ್ಧ.

"ದೊಡ್ಡವ್ವ, ನನ್ನ ಮಗಳ ರಿಸೆಪ್ಷನ್‌ಲಿ ಮಾನ ಕಳ್ದವರ್ಗ ಮನ ಕೊಟ್ಟಿದ್ದೀಯಂತಲ್ಲ?"

"ಮಾನ ಕಳ್ದದ್ದು ಕರೆಂಟು ಕಣ್ಲಾ. ಅದ್ಕ ಏನೂ ಅನ್ನಾಕಿಲ್ವಾ ನೀನು?"

"ಯಾವ ಜನವೋ ಏನೋ, ಉಳದ ಮನಗ ಬುಟ್ಕತೀಯಲ್ಲ."

"ಸೊಪ್ಪು ಕುಯ್ಯಾದು ಯಾವ ಜನ ಅಂತ ನಿಮ್ಮ ಉಳ ಯಾವತ್ತಾದ್ರೂ ಕೇಳದಾ? ನಿಂಗ ಬಂದ್ಬುಡ್ತು ಮಡಿ."

ಅವನು ಹೆಗಲ ಮೇಲಿನ ಟವೆಲು ಒದರಿಕೊಂಡು ಹೋದ. ನಾನು ಗೆದ್ದೆ ಅಂದುಕೊಂಡೆ. ಆ ಹೆಮ್ಮೆಯಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ.

ಅವರು ಬರುವ ಹಿಂದಿನ ದಿನ ಮನೆ ಶುದ್ಧ ಮಾಡಿಸಬೇಕು ಅನ್ನಿಸಿತು. ನನಗೆ ಗೊತ್ತಿರುವ ಶುದ್ಧ ಒಂದೇ. ಹಳೇ ಬೆಳೆಯ ರೋಗ ಹೊಸ ಹುಳುವಿಗೆ ತಗುಲದಂತೆ ಬ್ಲೀಚಿಂಗ್ ಪುಡಿ, ಸುಣ್ಣ ಕಲಸಿ ಗೋಡೆ, ನೆಲ, ಸೂರು ಎಲ್ಲಕ್ಕೂ ಹೊಡೆಸಿ, ಕಿಟಕಿಗೆ ಗೋಣಿ ಕಟ್ಟಿ, ಬಾಗಿಲು ಮುಚ್ಚುವುದು. ಹುಳುವಿಗೆ ಮಾಡಿದ ಹಾಗೆಯೇ ಮಾಡಿಸಿದೆ. ಬೆಳಗ್ಗೆ ಎದ್ದು ತೆಗೆದು ಗಾಳಿಗೆ ಬಿಡೋಣ ಅಂದುಕೊಂಡಿದ್ದೆ. ನಾನು ಡೇರಿಗೆ ಹಾಲು ಹಾಕಿ, ತೋಟಕ್ಕೆ ಹೋಗಿ ಬರುವಷ್ಟರಲ್ಲಿ ರಮ್ಯ ಮೊದಲ ಬಸ್ಸಿಗೇ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಒಳಗೆ ಹೋಗಿ, ನಾನು ಹೇಳಿದ ಹಾಗೆಯೇ ಬಾಗಿಲು ಹಾಕಿಕೊಂಡಿದ್ದಳು. ಹೊಸ ಮನೆಯ ಸದ್ದು ನೋಡಲು ಎರಡು ಗಂಟೆ ಹಾಡಿದ್ದಳು. ಘಾಟು ಹುಳುಮನೆಯ ರೂಢಿ ಇರಬೇಕು, ಮೊದಲ ದಿನವೇ ಮುಖ ಸಿಂಡರಿಸಬಾರದು ಅಂದುಕೊಂಡಳಂತೆ. ನಾನು ಬಾಗಿಲು ತೆಗೆದಾಗ ಕಣ್ಣು ಕೆಂಡ, ಬಾಯಿ ತೆರೆದರೆ ಬರೀ ಗಾಳಿ.

ಕೊಳ್ಳೇಗಾಲದ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ ಐದು ದಿನ ಒಂದು ಮಾತೂ ಆಡಕೂಡದು ಎಂದರು. ದನಿ ಮೊದಲಿನಂತೆ ಬರುತ್ತದಾ ಎಂದು ನಾನು ಕೇಳಿದೆ. "ಬಂದಾಗ ನೋಡೋಣ ಅಜ್ಜಿ" ಅಂದರು. ಬಸ್ಸಿನಲ್ಲಿ ಅವಳ ಪಕ್ಕ ಕೂತು ನನಗೆ ಅಳು ಬಂತು. ದನಿಯಿಂದ ತುತ್ತು ಕಾಣುವ ಹುಡುಗಿಯ ಗಂಟಲನ್ನು ಸುಣ್ಣ ಹೊಡೆದು ಸುಟ್ಟಿದ್ದೆ. ಅವಳು ಮೊಬೈಲಿನಲ್ಲಿ ಏನೋ ಒತ್ತಿ ನನ್ನ ಮುಂದೆ ಹಿಡಿದಳು. ಮೂರನೇ ಕ್ಲಾಸು ಓದಿದವಳಿಗೆ ಅಷ್ಟು ಓದಲು ಬರುತ್ತದೆ. ‘ಅಜ್ಜಿ, ನನ್ನ ಮೈಯಲ್ಲಿ ಈಗ ಒಂದು ರೋಗವೂ ಇಲ್ಲ’ ಎಂದಿತ್ತು. ಅಮ್ಮಾವ್ರೇ ಎನ್ನುತ್ತಿದ್ದವಳು ಅಜ್ಜಿ ಅಂದದ್ದು ಆವತ್ತೇ.

ಹನ್ನೊಂದರಲ್ಲಿ ಐದು ದಿನ ಹೋಯಿತು. ಅಷ್ಟೂ ದಿನ ಅವಳು ಬಂದು ಮೂಲೆಯಲ್ಲಿ ಕೂತಳು. ಮೂವರು ಬಾರಿಸಿ ಅಭ್ಯಾಸ ಮಾಡಿದರು. ಸದ್ದು ಗೋಡೆಗೆ ಬಡಿದು ಗೊಯ್ಯೆನ್ನುತ್ತಿತ್ತು. ನಾನು ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಅಂದರೆ ಚಂದ್ರಿಕೆಗಳನ್ನು, ತಂದು ಗೋಡೆಯುದ್ದಕ್ಕೂ ನಿಲ್ಲಿಸಿದೆ, ಸರಿಹೋಯಿತು. ಮೂರನೇ ದಿನ ಜಗಳ ಹತ್ತಿಕೊಂಡಿತು. ಶುರು ಮಾಡಿದವನು ಶಿವಕುಮಾರಸ್ವಾಮಿ.

"ದನಿ ಯಾವಾಗ ಬತ್ತದೋ ಏನೋ. ನಾವು ಬಾರ್ಸಿ ಮುಗಿಸ್ಬುಡವ. ಇವಳ ಅಳೇ ದನಿ ಕಂಪ್ಯೂಟ್ರಲ್ಲಿ ಅದ, ಅದನ್ನೇ ಕುಯ್ದು ಜೋಡಿಸ್ತೀನಿ. ಯಾರ್ಗೂ ಗೊತ್ತಾಗಲ್ಲ."

ರಮ್ಯ ತಲೆ ಅಲ್ಲಾಡಿಸಿದಳು.

"ನೋಡು, ಕಂಪ್ಯೂಟ್ರು ಬ್ಯಾಡ, ತಿದ್ದಾದು ಬ್ಯಾಡ. ನಾ ಏನ್ ಮಾಡ್ಲಿ ಇಲ್ಲಿ? ಚಂದ್ರಿಕೆ ಬಡೀಲಾ? ಬಾಯಿ ಬರ್ದೆ ಇರೋಳ್ಗೇ ಇಷ್ಟು ಮೊಂಡ್ತನ!"

ಅವಳು ಎದ್ದಳು. ಬಕೆಟ್ಟಿನ ತಳದಲ್ಲಿ ಉಳಿದಿದ್ದ ಸುಣ್ಣಕ್ಕೆ ಬೆರಳು ಅದ್ದಿ ಬಾಗಿಲ ಒಳಮೈ ಮೇಲೆ ಮೊಳದುದ್ದದ ಅಕ್ಷರದಲ್ಲಿ ‘ಬೇಡ’ ಎಂದು ಬರೆದಳು. ಶಿವಕುಮಾರಸ್ವಾಮಿ ಅದನ್ನು ಓದಿ, ಕೀಬೋರ್ಡು ಕಂಕುಳಿಗೆ ಸಿಕ್ಕಿಸಿಕೊಂಡು, ಅದೇ ಬಾಗಿಲಿನಿಂದ ಹೋದ. ತಿರುಗಿ ಬರಲಿಲ್ಲ. ಆ ಅಕ್ಷರವನ್ನು ನಾನು ಇವತ್ತಿಗೂ ಅಳಿಸಿಲ್ಲ.

ಆರನೇ ದಿನ ಅವಳು ಬಾಯಿ ಬಿಟ್ಟಳು. ದನಿ ಬಂತು, ಆದರೆ ಮೊದಲಿಗಿಂತ ಒರಟು. ಮೇಲಕ್ಕೆ ಹೋದಾಗ ಸೀಳುತ್ತಿತ್ತು. ಮೊದಲ ಆಲ್ಬಮ್ ಮಾಡಿಸಿದ ಕಂಪನಿಯವನಿಗೆ ಬಸವೇಶ ಫೋನಿನಲ್ಲಿ ಒಂದು ಹಾಡು ಕೇಳಿಸಿದ. ಈ ಆಲ್ಬಮ್ಮನ್ನೂ ತಾವೇ ಹೊರಗೆ ತರುತ್ತೇವೆ ಎಂದು ಅವರು ಹೇಳಿದ್ದರಂತೆ. ಆ ಮನುಷ್ಯ ಮಾತಾಡಿದ್ದು ನಮಗೆಲ್ಲ ಕೇಳುವಂತೆ ಫೋನನ್ನು ಚಂದ್ರಿಕೆಗೆ ಆನಿಸಿಟ್ಟಿದ್ದರು.

"ದನಿ ಹರಿದು ಹೋಗಿದೆ ಕಣ್ರಮ್ಮ. ಇದನ್ನ ಯಾರು ಕೇಳ್ತಾರೆ? ಕಳಿಸಿ, ನಾವು ಸರಿ ಮಾಡ್ತೀವಿ. ಹತ್ತು ನಿಮಿಷದ ಕೆಲಸ."

"ಸಾ, ಇದು ಸರಿಯಾಗೇ ಅದ" ಅಂದಳು ರಮ್ಯ. "ಗಂಟ್ಲು ಇದ್ದಂಗೇ ಇರ್ತದ. ಬೇಕಾದ್ರ ತಕಳಿ, ಬ್ಯಾಡಾಂದ್ರ ಬುಡಿ."

"ಹಾಗಾದ್ರೆ ನೀವೇ ಮಾಡ್ಕೊಳ್ಳಿ."

"ಮಾಡ್ಕತಾ ಇವ್ನಿ ಸಾ. ನೀವು ಫೋನ್ ಇಟ್ರ ಇನ್ನೂ ಬೇಗ ಆಯ್ತದ."

ಶಂಕರ ಡ್ರಮ್ಮಿನ ಮೇಲೆ ಒಂದು ಏಟು ಹಾಕಿದ. ಅಲ್ಲಿಂದ ಕೆಲಸ ಓಡಿತು. ಆರು ದಿನದಲ್ಲಿ ಏಳು ಹಾಡು. ಒಂದೊಂದನ್ನು ಇಪ್ಪತ್ತು, ಮೂವತ್ತು ಸಲ. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ನಾನು ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಒಂದು ಮಧ್ಯಾಹ್ನ ಬಸವೇಶ, "ಈಗ ಎಂಗಿತ್ತು ಅಜ್ಜಿ?" ಎಂದು ಕೇಳಿದ.

"ಹನ್ನೊಂದ್ನೇದು ಚಂದಾಗಿತ್ತು. ಆಮೇಲಿಂದ ನೀನು ಮಕ ಗಂಟಾಕ್ಕಂಡಿದ್ದಯ, ಅದೂ ಕೇಳ್ತದ" ಅಂದೆ.

ಹಾಕಿ ಕೇಳಿದರು. ಹನ್ನೊಂದನೆಯದನ್ನೇ ಇಟ್ಟುಕೊಂಡರು.

ಎಂಟನೇ ಹಾಡು ಉಳಿಯಿತು. ಅವಳು ಜೀವವಿಟ್ಟುಕೊಂಡಿದ್ದು ಅದರ ಮೇಲೆ. ಅಷ್ಟು ವರ್ಷ ಆಟೋದಲ್ಲಿ ಕೂಗಿದ ಕೂಗನ್ನೇ ಹಾಡು ಮಾಡಿದ್ದಳು.

ಸಾರ್ವಜನಿಕರ ಗಮನಕ್ಕೆ, ಕಳೆದು ಹೋಗಿದೆ ಒಂದು ದನಿ,
ಬಣ್ಣ ಗೊತ್ತಿಲ್ಲ, ಕೊಂಬು ಉಂಟು, ಸಿಕ್ಕಿದರೆ ಕಟ್ಟಬೇಡಿ.

ಹನ್ನೊಂದು ದಿನ ಮುಗಿಯಿತು. ಮರಿ ಹುಳು ಸಾಕಿ ಕೊಡುವ ಚಾಕಿ ಕೇಂದ್ರಕ್ಕೆ ಹೇಳಿ ಆಗಿತ್ತು, ಹುಳು ಹುಟ್ಟಿಯೂ ಆಗಿತ್ತು. ಹುಟ್ಟಿದ ಹುಳುವಿಗೆ ನಾಳೆ ಬಾ ಅನ್ನಲಾಗುವುದಿಲ್ಲ. ಅವರು ಸಾಮಾನು ತೆಗೆದರು. ಮನೆ ತೊಳೆದೆವು. ಈ ಸಲ ಮದ್ದು ಹೊಡೆದು, ಒಣಗಿ ಘಾಟು ಆರುವವರೆಗೆ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹುಳು ಬಂತು. ಬ್ಯಾಂಡಿನವರು ಆ ಹಾಡನ್ನು ಹನೂರಿನ ಅಂಗಡಿಯಲ್ಲಿ ಮಾಡಿ ನೋಡಿದರು. ಯಳಂದೂರಿನ ಹತ್ತಿರ ಬಸವೇಶನ ನೆಂಟರ ಖಾಲಿ ಗೋದಾಮಿನಲ್ಲಿ ಮಾಡಿ ನೋಡಿದರು. ಏಳು ಹಾಡಿನ ಪಕ್ಕ ಅದು ಬೇರೆ ಬಟ್ಟೆಯ ತೇಪೆಯ ಹಾಗೆ ಕೇಳಿತಂತೆ. ಇಷ್ಟರಲ್ಲಿ ಶಂಕರನಿಗೆ ಸತ್ಯಮಂಗಲದ ಒಂದು ಆರ್ಕೆಸ್ಟ್ರಾದಲ್ಲಿ ಕಾಯಂ ಕೆಲಸ ಸಿಕ್ಕಿತು. ಅವನು ಹೊರಡುವ ದಿನವೂ ನಿಗದಿಯಾಯಿತು. ಅವನು ಹೋದರೆ ಆ ಹಾಡೂ ಹೋದ ಹಾಗೆ, ಬ್ಯಾಂಡೂ ಹೋದ ಹಾಗೆ.

ರಮ್ಯ ಬಂದು ಜಗಲಿಯ ಮೇಲೆ ಕೂತಳು. ಶಂಕರ ಹೊರಡುವ ದಿನ ಹೇಳಿ, ಹುಳುಮನೆಯ ಕಡೆ ನೋಡಿದಳು. ನಾನೇ ಹುಳುವಿನ ಲೆಕ್ಕ ಹಾಕಿದೆ.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಕಲ್ಲಿನ ಹಾಗೆ ಕೂರುತ್ತದೆ. ನಾವು ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಮಿಕ್ಕ ದಿನಗಳಲ್ಲಿ ಸೊಪ್ಪು ಬಿದ್ದರೆ ಸಾಕು, ಅಷ್ಟೂ ಬಾಯಿ ಒಟ್ಟಿಗೆ ಆಡಿ ಹೆಂಚಿನ ಮೇಲೆ ಮಳೆ ಹುಯ್ದ ಹಾಗೆ ಸದ್ದು. ಅದರಲ್ಲಿ ಯಾವ ಮೈಕೂ ಇಡುವ ಹಾಗಿಲ್ಲ. ಜ್ವರದ ದಿನ ಮಾತ್ರ ಮನೆ ಗಪ್‌ಚಿಪ್. ನಾಲ್ಕನೇ ಜ್ವರ ಶಂಕರ ಹೊರಡುವ ದಿನಕ್ಕೇ ಬೀಳುತ್ತಿತ್ತು. ಅವನ ಬಸ್ಸು ಸಂಜೆ ನಾಲ್ಕಕ್ಕೆ.

ಜ್ವರದ ಹುಳುವಿನ ಮುಂದೆ ನಮ್ಮತ್ತೆ ಜೋರಾಗಿ ಕೆಮ್ಮಲೂ ಬಿಟ್ಟವರಲ್ಲ. ಆ ಮನೆಯೊಳಗೆ ಗಿಟಾರು! ಶಾಂತಮೂರ್ತಿ ಕೇಳಿ ಕುಣಿದಾಡಿಬಿಟ್ಟ.

"ಬೆಳ ಕೆಡ್ತದ ದೊಡ್ಡವ್ವ! ಬೆದರಿ ಸೊಪ್ಪು ಬುಡ್ತವ!"

"ಗುಡುಗು ಒಡ್ದಾಗ ಉಳ ಎತ್ಕಂಡು ಎಲ್ಗ ಓಗಿದ್ದಯ್ಯಾ? ಕೆಟ್ರ ನನ್ನ ಪಾಲು ಕೆಡ್ಲಿ, ಮೊದ್ಲು ನಿನ್ನದ್ನೇ ತಕ. ಆ ಕೂಸಿನ ಗಂಟ್ಲು ಸುಟ್ಟವಳು ನಾನು. ಅದ್ಕ ಉಳದ ಮನ ತೆಗೆಯಾವಳೂ ನಾನೇ."

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಳೆ ಕೆಡಲಿಲ್ಲ. ಗೂಡು ಗಟ್ಟಿಯಾಗೇ ಬಂತು. "ಇನ್ನೂ ಚಂದಾಗಿ ಬತ್ತಿತ್ತು" ಎಂದು ಶಾಂತಮೂರ್ತಿ ಇವತ್ತಿಗೂ ಅನ್ನುತ್ತಾನೆ. ಆಲ್ಬಮ್ಮು ‘ಸಾರ್ವಜನಿಕರ ಗಮನಕ್ಕೆ’ ಎಂಬ ಹೆಸರಿನಲ್ಲಿ ಯಾವ ಕಂಪನಿಯೂ ಇಲ್ಲದೆ ಫೋನುಗಳಲ್ಲಿ ಬಂತು. ಅವನ ಮಗಳು ಕೋಮಲಳೇ ಅದನ್ನು ಊರಿಗೆಲ್ಲ ಕಳಿಸಿದಳು. ಶಂಕರ ಸತ್ಯಮಂಗಲದಿಂದ ರಜೆ ಹಾಕಿ ಬಂದು ಇವರ ಜೊತೆ ಬಾರಿಸಿ ಹೋಗುತ್ತಾನೆ. ಈಗ ಮೆಷಿನ್ನು ಹಾಕಿ ಬಾಯಾಡಿಸುವುದಿಲ್ಲ. ಕರೆಂಟು ಹೋದರೂ ಹಾಡು ನಿಲ್ಲುವುದಿಲ್ಲ.

ಆದರೆ ಯಾರೋ ಒಬ್ಬ ಬುದ್ಧಿವಂತ ಫೋನಿನಲ್ಲಿ ಬರೆದಿದ್ದನಂತೆ. ಮೆಷಿನ್ನು ಮುಟ್ಟಿಲ್ಲ ಎಂದು ಇವರು ಹೇಳಿಕೊಳ್ಳುವುದು ಸುಳ್ಳು, ಕಡೆಯ ಹಾಡಿಗೆ ಮಳೆಯ ಸದ್ದನ್ನು ಕಂಪ್ಯೂಟರಿನಿಂದ ಸೇರಿಸಿದ್ದಾರೆ, ಅಷ್ಟು ಹದವಾದ ಮಳೆ ಎಲ್ಲೂ ಇಲ್ಲ ಎಂದು. ಸುವರ್ಣಮ್ಮನ ಮೊಮ್ಮಗಳು ಪವಿತ್ರ ಓದಿ ಹೇಳಿದಳು. ರಮ್ಯ ನಕ್ಕು, "ಬುಡಿ ಅಜ್ಜಿ, ಬೊಗಳ್ಲಿ" ಅಂದಳು. ನನಗೆ ಬಿಡಲು ಆಗಲಿಲ್ಲ. ಅದಕ್ಕೇ ಪವಿತ್ರಳ ಕೈಲಿ ಇಷ್ಟು ಬರೆಸಿದ್ದು. ಆ ಹಾಡು ಹಾಡಿದ ದಿನ ಮಧುವನಹಳ್ಳಿಯಲ್ಲಿ ಒಂದು ಹನಿ ಮಳೆ ಇರಲಿಲ್ಲ. ರಮ್ಯ ಈಗಲೂ ಬರುತ್ತಾಳೆ, ಉಂಡು ಹೋಗುತ್ತಾಳೆ. ಆ ದಿನದ ಮೇಲೆ ನನ್ನನ್ನು ಏನನ್ನೂ ಕೇಳಿಲ್ಲ.

ಆ ದಿನ ಬೆಳಗ್ಗೆ ಹತ್ತಕ್ಕೆ ಬಂದರು. ಕೈಕಾಲು ತೊಳೆದು, ಬಾಗಿಲು ಹಾಕಿ, ತೊಲೆಯಿಂದ ಎರಡು ಮೈಕು ಇಳಿಬಿಟ್ಟರು. ಸುತ್ತ ಅಟ್ಟಣೆಗಳ ಮೇಲೆ ಹುಳು ತಲೆ ಎತ್ತಿ ಕೂತಿತ್ತು, ಸಭೆಯ ಹಾಗೆ. ಡ್ರಮ್ಮು ಬೇಡ ಎಂದಿದ್ದೆ. ಶಂಕರ ಒಂದು ಬಿದಿರು ತಟ್ಟೆಯನ್ನು ಮಗುಚಿಕೊಂಡು ಅಂಗೈಯಲ್ಲಿ ಬಡಿದ. ನಾಲ್ಕನೇ ಸಲ ಚೆನ್ನಾಗಿ ಬರುತ್ತಿತ್ತು, ಬಸವೇಶ ಸೀನಿದ. ಮೊದಲಿಂದ. ಒಂಬತ್ತನೇ ಸಲ ಕಡೇ ಸ್ವರದಲ್ಲಿ ಹೊರಗಿನಿಂದ "ದೊಡ್ಡವ್ವಾ!" ಎಂದು ಶಾಂತಮೂರ್ತಿಯ ಕೂಗು. ಮೊದಲಿಂದ. ರಮ್ಯಳ ಗಂಟಲು ಇನ್ನಷ್ಟು ಒರಟಾಗುತ್ತ ಹೋಯಿತು. ಅವಳು ನೀರು ಕುಡಿದು ಮತ್ತೆ ನಿಂತಳು. ಎರಡೂ ಮುಕ್ಕಾಲಾಯಿತು. ಹದಿನಾಲ್ಕು ಸಲ ಆಗಿತ್ತು, ಒಂದೂ ಪೂರ್ತಿ ನಿಂತಿರಲಿಲ್ಲ.

ಆಗ ಅಟ್ಟಣೆಯ ಮೇಲೆ ಒಂದು ಹುಳು ತಲೆ ಆಡಿಸಿತು. ಅದರ ಪಕ್ಕದ್ದೂ ಆಡಿಸಿತು. ಆ ವರ್ಷದ ಬಿಸಿಲಿಗೆ ಹುಳು ಅರ್ಧ ದಿನ ಮುಂಚೆಯೇ ಎದ್ದುಬಿಟ್ಟಿತ್ತು. ಪೊರೆ ಬಿಟ್ಟು, ಬೆಳ್ಳಗಾಗಿ, ಹಸಿದು, ಸೊಪ್ಪು ಹುಡುಕುತ್ತ ಅಂಚಿಗೆ ಹರಿದು ಬರುತ್ತಿತ್ತು. ಶಾಂತಮೂರ್ತಿ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತ.

"ಎದ್ದವ ದೊಡ್ಡವ್ವ, ನೋಡು. ಮುಕ್ಕಾಲು ಪಾಲು ಎದ್ಬುಟ್ಟವ. ಈಗ ಆಕ್ನಿಲ್ಲ ಅಂದ್ರ ಸೊರಗ್ತವ. ಆಟ ಸಾಕು."

ಸೊಪ್ಪು ಬಿದ್ದರೆ ಮೂರು ಗಂಟೆ ಆ ಸದ್ದು ನಿಲ್ಲುವುದಿಲ್ಲ, ಬಸ್ಸು ನಾಲ್ಕಕ್ಕೆ. ಶಂಕರ ಗೋಡೆಯತ್ತ ತಿರುಗಿ ಕಣ್ಣು ಒರೆಸಿಕೊಂಡ. ನಾನು ಹೊರೆಗೆ ಅಡ್ಡ ನಿಂತು, "ಇನ್ನೊಂದು ಆಡು ತಡೀಲಾ, ಒಂದೇ ಒಂದು" ಅಂದೆ. ನಲವತ್ತು ವರ್ಷದಲ್ಲಿ ಹಸಿದ ಹುಳುವಿನ ಮುಂದೆ ನಾನು ಹಾಗೆ ಅಂದದ್ದು ಅದೊಂದೇ ಸಲ.

ರಮ್ಯ ಗಿಟಾರನ್ನು ಹಾಗೇ ನೇತುಹಾಕಿಕೊಂಡು ಅಟ್ಟಣೆಯ ಹತ್ತಿರ ಹೋದಳು. ಬಗ್ಗಿ ಹುಳುಗಳನ್ನು ನೋಡಿದಳು. ಬಾಗಿಲ ಮೇಲೆ ತಾನೇ ಬರೆದಿದ್ದ ‘ಬೇಡ’ವನ್ನು ಒಂದು ಸಲ ನೋಡಿದಳು. ಆಮೇಲೆ ಮೈಕುಗಳ ಕೆಳಗೆ ತನ್ನ ಜಾಗಕ್ಕೆ ಬಂದು, ಎರಡು ಕಾಲು ಅಗಲಿಸಿ ನಿಂತು, ನನ್ನತ್ತ ತಿರುಗಿದಳು.

"ಅಜ್ಜಿ, ಸೊಪ್ಪಾಕಿ. ನನ್ನ ಆಡ್ಗ ಅವ್ಯಾಕ ಉಪಾಸ ಇರ್ಬೇಕು? ಅವು ತಿನ್ಲಿ, ನಾ ಆಡ್ತೀನಿ. ಒಸಿ ಜಾಸ್ತೀನೇ ಆಕಿ."